ಜನರ ನುಡಿಯಲ್ಲಿ ಗಣಿತ: ರಾಜಾದಿತ್ಯ ಮತ್ತು ಆಡಮ್ ರೀಸ್

ಮಟ್ಟುವಿನ ಗುಳ್ಳ 3 ಕಿಲೋಗ್ರಾಂಗೆ 240 ರೂಪಾಯಿಯಾದರೆ 5 ಕಿಲೋಗ್ರಾಂಗೆ ಎಷ್ಟು? ಉಡುಪಿಯ ಪೇಟೆಯಲ್ಲಿ ನಿಂತ ಗೃಹಿಣಿ ಕಾಗದ ಹಿಡಿಯದೆಯೇ 400 ಎನ್ನುತ್ತಾಳೆ. ತಿಳಿದ ಮೂರು ಸಂಖ್ಯೆಗಳಿಂದ ತಿಳಿಯದ ನಾಲ್ಕನೆಯದನ್ನು ಪಡೆಯುವ ಈ ಕ್ರಮವೇ ತ್ರೈರಾಶಿಕ. ಇದನ್ನು ಜನಸಾಮಾನ್ಯರ ಭಾಷೆಯಲ್ಲಿ ಗ್ರಂಥಸ್ಥಗೊಳಿಸಿದ ಇಬ್ಬರು ಉಪಾಧ್ಯಾಯರು ಸ್ಮರಣೀಯರು. ಒಬ್ಬನು ಕನ್ನಡಿಗ, ಇನ್ನೊಬ್ಬನು ಜರ್ಮನಿಯವನು.

ಕನ್ನಡ ನಾಡಿನಲ್ಲಿ ಗಣಿತದ ಪರಂಪರೆ ಪ್ರಾಚೀನವಾದುದು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಆದರೆ ಅದು ಸಂಸ್ಕೃತದಲ್ಲಿತ್ತು. ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದನು. ಕನ್ನಡದಲ್ಲಿ ಗಣಿತಶಾಸ್ತ್ರವನ್ನು ಬರೆದವರಲ್ಲಿ ಈತನೇ ಮೊದಲಿಗನೆಂದು ಸಾಹಿತ್ಯ ಚರಿತ್ರಕಾರರು ಪರಿಗಣಿಸುತ್ತಾರೆ. ‘ವ್ಯವಹಾರಗಣಿತ’ದಲ್ಲಿ ಪದ್ಯವೂ ಗದ್ಯವೂ ಬೆರೆತಿವೆ. ಸೂತ್ರವು ಪದ್ಯದಲ್ಲಿದ್ದರೆ ಕಂಠಪಾಠಕ್ಕೆ ಸುಲಭ. ವಿವರಣೆಯು ಗದ್ಯದಲ್ಲಿದ್ದರೆ ಗ್ರಹಿಕೆಗೆ ಸುಲಭ.

ಆಡಮ್ ರೀಸನು 1492ರ ಸುಮಾರಿಗೆ ಸ್ಟಾಫೆಲ್‌ಸ್ಟೈನ್ ಎಂಬ ಊರಿನಲ್ಲಿ ಜನಿಸಿದನು. ಆಗ ಯುರೋಪಿನ ವಿದ್ವತ್ತಿನ ಭಾಷೆ ಲ್ಯಾಟಿನ್. ಸಾಮಾನ್ಯ ವ್ಯಾಪಾರಿಗಳು ರೋಮನ್ ಅಂಕಿಗಳನ್ನು ಬರೆಯುತ್ತಿದ್ದರು. ಹಲಗೆಯ ಮೇಲೆ ಗೆರೆ ಎಳೆದು, ಬಿಲ್ಲೆಗಳನ್ನು ಸರಿಸಿ ಲೆಕ್ಕ ಮಾಡುತ್ತಿದ್ದರು. ರೀಸನು ಎರ್ಫರ್ಟ್ ನಗರದಲ್ಲಿದ್ದಾಗ 1518ರಲ್ಲಿ ಈ ಕ್ರಮವನ್ನೇ ಜರ್ಮನ್ ಭಾಷೆಯಲ್ಲಿ ಬೋಧಿಸುವ ಪುಸ್ತಕವನ್ನು ಬರೆದನು. 1522ರ ಎರಡನೆಯ ಪುಸ್ತಕದಲ್ಲಿ ಗೆರೆಯ ಲೆಕ್ಕದಿಂದ ಲೇಖನಿಯ ಲೆಕ್ಕಕ್ಕೆ, ಅಂದರೆ ಭಾರತದಲ್ಲಿ ಹುಟ್ಟಿ ಅರಬ್ಬರ ಮೂಲಕ ಯುರೋಪನ್ನು ತಲುಪಿದ ಅಂಕಿಗಳಿಗೆ, ವಿದ್ಯಾರ್ಥಿಯನ್ನು ಕರೆದೊಯ್ದನು. ತಿಳಿದುದರಿಂದ ತಿಳಿಯದುದಕ್ಕೆ ನಡೆಸುವ ಈ ವಿಧಾನವೇ ಉತ್ತಮ ಬೋಧನೆಯ ಮೂಲ. ಆ ಪುಸ್ತಕವು ನೂರಕ್ಕೂ ಹೆಚ್ಚು ಬಾರಿ ಮುದ್ರಣಗೊಂಡಿತು.

ಅನಂತರ ರೀಸನು ಬೆಳ್ಳಿಯ ಗಣಿಗಳ ಪಟ್ಟಣವಾದ ಆನ್ನಬೆರ್ಗ್‌ನಲ್ಲಿ ನೆಲೆಸಿ ಲೆಕ್ಕದ ಶಾಲೆಯನ್ನು ನಡೆಸಿದನು. ಆ ಪಟ್ಟಣಕ್ಕಾಗಿ ಆತನು ಸಿದ್ಧಪಡಿಸಿದ ರೊಟ್ಟಿಯ ಕೋಷ್ಟಕಗಳ ಪುಸ್ತಕ 1536ರಲ್ಲಿ ಅಚ್ಚಾಯಿತು. ಧಾನ್ಯದ ಬೆಲೆ ಏರಿದಂತೆ ಒಂದೇ ನಾಣ್ಯಕ್ಕೆ ದೊರೆಯುವ ರೊಟ್ಟಿಯ ತೂಕ ಇಳಿಯುತ್ತದೆ. ಧಾನ್ಯ ಸೇರಿಗೆ 10 ನಾಣ್ಯವಿದ್ದಾಗ ರೊಟ್ಟಿ 60 ತೊಲ ತೂಗುತ್ತಿದ್ದರೆ, ಬೆಲೆ 12 ನಾಣ್ಯವಾದಾಗ 50 ತೊಲ ತೂಗಬೇಕು. ಇದು ವ್ಯಸ್ತ ತ್ರೈರಾಶಿಕ. ಲೆಕ್ಕ ಬಾರದ ಬಡವನಿಗೆ 45 ತೊಲದ ರೊಟ್ಟಿ ಕೊಟ್ಟರೂ ಆತನು ಪ್ರಶ್ನಿಸಲಾರನು. ಕೋಷ್ಟಕವು ಆ ಮೋಸಕ್ಕೆ ತಡೆಯೊಡ್ಡಿತು.

ರೀಸನು 1524ರಲ್ಲಿ ಮುಗಿಸಿದ ಬೀಜಗಣಿತದ ಹಸ್ತಪ್ರತಿ ಆತನ ಜೀವಿತಕಾಲದಲ್ಲಿ ಮುದ್ರಣಗೊಳ್ಳಲಿಲ್ಲ. 1559ರಲ್ಲಿ ಆತನು ತೀರಿಕೊಂಡನು. ಆದರೂ ಜರ್ಮನರು ಲೆಕ್ಕವೊಂದು ಸರಿಯೆಂದು ಖಚಿತಪಡಿಸುವಾಗ ಇಂದಿಗೂ ‘ಆಡಮ್ ರೀಸನ ಪ್ರಕಾರ’ ಎನ್ನುತ್ತಾರೆ. ರಾಜಾದಿತ್ಯನ ಹೆಸರು ಮಾತ್ರ ನಮ್ಮ ಮಕ್ಕಳ ಬಾಯಲ್ಲಿಲ್ಲ. ಲೆಕ್ಕಕ್ಕೆ ಕನ್ನಡ ಸಾಲದೆಂಬ ಸಂಶಯ ಮೂಡಿದಾಗಲೆಲ್ಲ ಎಂಟುನೂರು ವರ್ಷಗಳಿಗೂ ಹಿಂದಿನ ಆ ಉಪಾಧ್ಯಾಯನನ್ನು ತರಗತಿಗಳಲ್ಲಿ ನೆನೆಯುವುದು ಯುಕ್ತವಾಗಿದೆ.