ಮುಂದಿನ ಕೈಯ ಹುಕ್: ಯಾವಾಗ ಹೊಡೆಯಬೇಕು, ಹೇಗೆ ಹೊಡೆಯಬೇಕು

ಬಾಕ್ಸಿಂಗ್ ನಮ್ಮ ಗಡಿಭಾಗಕ್ಕೆ ಈಚೆಗೆ ಬಂದ ಆಟ. ಭೈರವಾನಿತಿಪ್ಪ ಜಲಾಶಯದ ಸುತ್ತಲಿನ ಊರುಗಳಲ್ಲಾಗಲಿ, ಮಡಕಶಿರಾ ಕಡೆಯ ಕನ್ನಡ ಹಳ್ಳಿಗಳಲ್ಲಾಗಲಿ ಹಿರಿಯರು ಬಲ್ಲದ್ದು ಕುಸ್ತಿ ಮತ್ತು ಕಬಡ್ಡಿ. ಇಂದಿನ ಮಕ್ಕಳು ಮೊಬೈಲಿನಲ್ಲಿ ಬಾಕ್ಸಿಂಗ್ ನೋಡಿ, ಮರಕ್ಕೆ ಚೀಲ ಕಟ್ಟಿ ಗುದ್ದಿ ನೋಡುತ್ತಾರೆ. ಶಾಲಾ ಕ್ರೀಡಾಕೂಟಗಳಲ್ಲಿಯೂ ಈ ಆಟಕ್ಕೆ ಸ್ಥಾನವಿದೆ. ನಿಜಾಮಾಬಾದಿನ ನಿಖತ್ ಜರೀನ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆಗಿ, ಇದು ಹೆಣ್ಣುಮಕ್ಕಳ ಆಟವೂ ಹೌದೆಂದು ತೋರಿಸಿಕೊಟ್ಟಿದ್ದಾರೆ. ನಮಗೆ ಇನ್ನೂ ಹತ್ತಿರದಲ್ಲಿ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ, 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಸಂಸ್ಥೆಯಲ್ಲಿ ದೇಶದ ನಾನಾ ಕಡೆಯ ಬಾಕ್ಸರುಗಳು ತರಬೇತಿ ಪಡೆಯುತ್ತಿದ್ದಾರೆ.

ಆಟ ಹತ್ತಿರ ಬಂದಿದೆ. ಅದನ್ನು ಕಲಿಸುವ ಮಾತು ಮಾತ್ರ ನಮ್ಮ ಮಕ್ಕಳಿಗೆ ದೂರವೇ ಉಳಿದಿದೆ. ಮೊಬೈಲಿನ ಪಾಠ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ, ಮೈದಾನದ ಪಾಠ ತೆಲುಗಿನಲ್ಲಿರುತ್ತದೆ. ಗಣಿತದ ಪಾಠ ಅರೆಬರೆ ತಿಳಿದರೆ ಅಂಕ ಕಡಿಮೆಯಾದೀತು. ಹೊಡೆತದ ಪಾಠ ಅರೆಬರೆ ತಿಳಿದರೆ ಹೊಡೆದ ಮಗುವಿನ ಮಣಿಕಟ್ಟು ಉಳುಕೀತು, ಎದುರಿನ ಮಗುವಿನ ತಲೆಗೆ ಪೆಟ್ಟಾದೀತು. ಆದ್ದರಿಂದ ಈ ಲೇಖನದಲ್ಲಿ ನಾವು ಒಂದೇ ಒಂದು ಹೊಡೆತವನ್ನು, ಇಂಗ್ಲಿಷಿನಲ್ಲಿ ‘ಲೀಡ್ ಹುಕ್’ ಎನ್ನುವುದನ್ನು, ನಮ್ಮ ಮಾತಿನಲ್ಲಿ ಬಿಡಿಸಿ ಹೇಳಲಿದ್ದೇವೆ.

ಹೆಸರಿನಲ್ಲಿಯೇ ಇರುವ ತೊಡಕು

‘ಲೀಡ್’ ಎಂಬ ಮಾತನ್ನು ಕೇಳಿದ ಮಗು ‘ಮೊದಲು ಹೊಡೆಯಬೇಕಾದದ್ದು’ ಎಂದು ತಿಳಿಯುವುದು ಸಹಜ. ಅರ್ಥ ಅದಲ್ಲ. ಬಾಕ್ಸರ್ ಒಂದು ಕಾಲನ್ನು ಮುಂದಿಟ್ಟು ಓರೆಯಾಗಿ ನಿಲ್ಲುತ್ತಾನೆ. ಎಡಗಾಲು ಮುಂದಿದ್ದರೆ ಎಡಗೈಯೂ ಮುಂದಿರುತ್ತದೆ. ಆ ಮುಂದಿನ ಕೈಯೇ ಲೀಡ್ ಕೈ. ಇದನ್ನು ‘ಮುಂಗೈ’ ಎಂದು ಕನ್ನಡಿಸಿದರೂ ತೊಡಕು ತಪ್ಪದು; ಮುಂಗೈ ಎಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ ತಾನೇ? ‘ಮುಂದಿನ ಕೈ’ ಎನ್ನುವುದೇ ಸರಿ. ‘ಹುಕ್’ ಎಂದರೆ ಕೊಕ್ಕೆ. ಮೊಣಕೈ ಮಡಿಸಿ, ತೋಳನ್ನು ಕೊಕ್ಕೆಯಂತೆ ಬಾಗಿಸಿ, ಎದುರಾಳಿಯ ಮುಖಕ್ಕಾಗಲಿ ಪಕ್ಕೆಗಾಗಲಿ ಪಕ್ಕದಿಂದ ಬಂದು ತಾಗುವ ಹೊಡೆತವಿದು.

ಈ ಹೊಡೆತವನ್ನು ಸಾಮಾನ್ಯವಾಗಿ ಮೊದಲು ಹೊಡೆಯಬಾರದು ಎಂಬುದೇ ಇದರ ಮುಖ್ಯ ಪಾಠ. ಹೆಸರನ್ನು ತಪ್ಪಾಗಿ ತಿಳಿದ ಮಗು ಮಾಡುವುದು ಮಾತ್ರ ಅದನ್ನೇ.

ಹೊಡೆಯುವ ಕ್ರಮ

ಎಡಗಾಲು ಮುಂದಿಟ್ಟು ನಿಲ್ಲುವ ಮಗುವಿಗಾಗಿ ಈ ಕ್ರಮವನ್ನು ಬರೆಯುತ್ತಿದ್ದೇವೆ. ಬಲಗಾಲು ಮುಂದಿಡುವವರು ಎಡವನ್ನು ಬಲವೆಂದು, ಬಲವನ್ನು ಎಡವೆಂದು ಓದಿಕೊಳ್ಳಬೇಕು. ಅಂಥವರನ್ನು ಬಾಕ್ಸಿಂಗಿನಲ್ಲಿ ‘ಸೌತ್‌ಪಾ’ ಎನ್ನುತ್ತಾರೆ. ತೋರಣಗಲ್ಲಿನ ಸಂಸ್ಥೆಯಲ್ಲಿ ತರಬೇತಿ ಪಡೆದು, 2023ರ ತಾಷ್ಕೆಂಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ ನಿಶಾಂತ್ ದೇವ್ ಅಂಥವರು. ಅವರಿಗೆ ಮುಂದಿನ ಕೈ ಎಂದರೆ ಬಲಗೈ.

ಮೊದಲು ನಿಲುವು. ಪಾದಗಳ ನಡುವೆ ಭುಜದಗಲದಷ್ಟು ಅಂತರ, ಮೊಣಕಾಲುಗಳಲ್ಲಿ ಅಲ್ಪ ಬಾಗು, ಎರಡೂ ಮುಷ್ಟಿಗಳು ಕೆನ್ನೆಯ ಬಳಿ, ಗದ್ದ ಕೆಳಗೆ. ಹಿಂದಿನ ಪಾದದ ಹಿಮ್ಮಡಿ ನೆಲದಿಂದ ತುಸು ಎದ್ದಿರಬೇಕು.

ಎರಡನೆಯದು ಭಾರ. ಹೊಡೆಯುವ ಮುನ್ನ ದೇಹದ ಭಾರ ಮುಂದಿನ ಕಾಲಿನ ಮೇಲೆ ಬಂದಿರಬೇಕು. ಆದರೆ ಕೈಯನ್ನು ಹಿಂದಕ್ಕೆಳೆದು ಬೀಸುವಂತಿಲ್ಲ. ಹಿಂದಕ್ಕೆಳೆದ ಕೈ ‘ನಾನು ಬರುತ್ತಿದ್ದೇನೆ’ ಎಂದು ಎದುರಾಳಿಗೆ ಮೊದಲೇ ಸಾರಿಬಿಡುತ್ತದೆ.

ಮೂರನೆಯದು ತಿರುವು. ಮುಂದಿನ ಪಾದ ಅದರ ಮುಂಭಾಗದ ಮೇಲೆ ತಿರುಗಿ, ಹಿಮ್ಮಡಿ ಹೊರಕ್ಕೆ ಸರಿಯುತ್ತದೆ. ಪಾದದ ಹಿಂದೆ ಮೊಣಕಾಲು, ಅದರ ಹಿಂದೆ ಸೊಂಟ, ಅದರ ಹಿಂದೆ ಭುಜ ತಿರುಗುತ್ತವೆ. ತೋಳು ಕೊನೆಯದು. ಬಾಗಿಲನ್ನು ನೆನೆಯಿರಿ: ಬೆನ್ನುಮೂಳೆ ಬಾಗಿಲಿನ ಕೀಲು, ತೋಳು ಬಾಗಿಲಿನ ಹಲಗೆ. ಕೀಲು ತಿರುಗಿದಾಗ ಹಲಗೆ ತಾನಾಗಿ ಬರುತ್ತದೆ. ರಾಗಿ ಕೊಯ್ಯುವವರು ಕುಡುಗೋಲನ್ನು ಬರಿಯ ಮಣಿಕಟ್ಟಿನಿಂದ ಎಳೆಯುವುದಿಲ್ಲ, ಅವರ ಸೊಂಟವೂ ಜೊತೆಗೂಡುತ್ತದೆ. ದಿನವಿಡೀ ಕೊಯ್ದರೂ ಅವರು ಸೋಲದಿರಲು ಅದೂ ಒಂದು ಕಾರಣ. ಹುಕ್ಕಿನ ಬಲದ ಗುಟ್ಟೂ ಅದೇ.

ನಾಲ್ಕನೆಯದು ತೋಳಿನ ಆಕಾರ. ಮೊಣಕೈ ಸುಮಾರು 90 ಡಿಗ್ರಿ ಮಡಿಸಿರಬೇಕು. ತಲೆಗೆ ಹೊಡೆಯುವಾಗ ಮುಂಗೈ ನೆಲಕ್ಕೆ ಸಮಾಂತರವಾಗಿದ್ದು, ಮೊಣಕೈ ಮುಷ್ಟಿಯಷ್ಟೇ ಎತ್ತರದಲ್ಲಿರಬೇಕು. ಎದುರಾಳಿ ತೀರ ಹತ್ತಿರವಿದ್ದರೆ ಮಡಿಕೆ ಬಿಗಿಯಾಗುತ್ತದೆ, ಸ್ವಲ್ಪ ದೂರವಿದ್ದರೆ ಸಡಿಲವಾಗುತ್ತದೆ. ಹೆಬ್ಬೆರಳು ಮೇಲ್ಮುಖವಾಗಿರಬೇಕೆಂದು ಕೆಲವು ತರಬೇತುದಾರರು, ಅಂಗೈ ನೆಲದ ಕಡೆಗಿರಬೇಕೆಂದು ಕೆಲವರು ಕಲಿಸುತ್ತಾರೆ. ಎರಡೂ ಬಳಕೆಯಲ್ಲಿವೆ. ಮಣಿಕಟ್ಟು ನೆಟ್ಟಗಿರಬೇಕು ಮತ್ತು ತೋರುಬೆರಳು, ನಡುಬೆರಳುಗಳ ಗೆಣ್ಣುಗಳೇ ತಾಗಬೇಕು ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ಐದನೆಯದು ಕಾವಲು. ಎಡಗೈ ಹೊಡೆಯುವಾಗ ಬಲಗೈ ಬಲಕೆನ್ನೆಯನ್ನು ಬಿಡಕೂಡದು. ಏಕೆಂದರೆ ಎದುರಾಳಿಯೂ ಅದೇ ಗಳಿಗೆಯಲ್ಲಿ ಅದೇ ಹುಕ್ ಹೊಡೆಯಬಲ್ಲ. ಮುಷ್ಟಿ ಗುರಿಯನ್ನು ತಾಗಿದೊಡನೆ ನಿಂತು, ಬಂದ ದಾರಿಯಲ್ಲಿಯೇ ಕೆನ್ನೆಗೆ ಮರಳಬೇಕು. ಗುರಿ ದಾಟಿ ಆಚೆಗೆ ಹೋದ ಕೈ ಇಡೀ ದೇಹವನ್ನು ತಿರುಗಿಸಿ ಪಕ್ಕೆಯನ್ನು ತೆರೆದಿಡುತ್ತದೆ.

ಯಾವಾಗ ಹೊಡೆಯಬೇಕು

ಎರಡು ಬಿಂದುಗಳ ನಡುವೆ ನೇರ ಗೆರೆಯೇ ಅತಿ ಚಿಕ್ಕ ದಾರಿ ಎಂಬುದನ್ನು ಮಕ್ಕಳು ರೇಖಾಗಣಿತದಲ್ಲಿ ಓದಿರುತ್ತಾರೆ. ಹುಕ್ ಬಾಗಿದ ದಾರಿಯಲ್ಲಿ ಬರುತ್ತದೆ. ದೂರದಿಂದ ಅದನ್ನೇ ಮೊದಲು ಹೊಡೆಯಹೋದರೆ, ಅದು ತಲುಪುವ ಮುನ್ನವೇ ಎದುರಾಳಿಯ ನೇರ ಬಲಗೈ ನಮ್ಮ ಮುಖವನ್ನು ಮುಟ್ಟಿರುತ್ತದೆ. ಆದ್ದರಿಂದ ಹುಕ್ಕಿಗೆ ಬಾಗಿಲು ತೆರೆಯುವವರೆಗೆ ಕಾಯಬೇಕು. ಆ ಬಾಗಿಲು ತೆರೆಯುವ ಸಂದರ್ಭಗಳು ಮುಖ್ಯವಾಗಿ ನಾಲ್ಕು.

ಒಂದು, ನಮ್ಮ ಬಲಗೈಯ ನೇರ ಹೊಡೆತದ ನಂತರ. ಎಡಗೈಯ ಚುರುಕು ಹೊಡೆತವಾದ ಜ್ಯಾಬ್, ಬಲಗೈಯ ಕ್ರಾಸ್, ಆಮೇಲೆ ಎಡಗೈಯ ಹುಕ್ — ಎಲ್ಲೆಡೆ ಕಲಿಸುವ ಸರಣಿಯಿದು. ಬಲಗೈ ಹೊಡೆದಾಗ ಸೊಂಟ ಎಡಕ್ಕೆ ತಿರುಗಿ ಭಾರ ಮುಂದಿನ ಕಾಲಿಗೆ ಬಂದಿರುತ್ತದೆ. ಮರಳಿ ತಿರುಗುವಾಗ ಹುಕ್ ತಾನಾಗಿ ಹೊರಡುತ್ತದೆ.

ಎರಡು, ಎದುರಾಳಿ ಮುಖದ ಮುಂದೆ ಎರಡು ಕೈಗಳನ್ನೂ ಬಿಗಿಯಾಗಿ ಸೇರಿಸಿಕೊಂಡಾಗ. ನೇರ ಹೊಡೆತಗಳಿಗೆ ಮುಂಬಾಗಿಲು ಮುಚ್ಚಿದೆ ಎಂದರೆ ಪಕ್ಕದ ದಾರಿ ತೆರೆದಿದೆ ಎಂದರ್ಥ.

ಮೂರು, ಎದುರಾಳಿಯ ಬಲಗೈ ಕೆನ್ನೆಯಿಂದ ಇಳಿದಾಗ. ದಣಿವಿನಿಂದ ಇಳಿಯಬಹುದು, ಹೊಡೆದ ಕೈಯನ್ನು ತಗ್ಗಿನಲ್ಲಿ ಹಿಂದಕ್ಕೆಳೆದುಕೊಳ್ಳುವ ಅಭ್ಯಾಸದಿಂದ ಇಳಿಯಬಹುದು. ಒಂದೆರಡು ಸಲ ಗಮನಿಸಿದ ಮೇಲೆ ಮೂರನೆಯ ಸಲಕ್ಕೆ ಕಾಯುವುದು ಜಾಣತನ.

ನಾಲ್ಕು, ಎದುರಾಳಿ ಮೇಲೆ ನುಗ್ಗಿ ಬರುವಾಗ. ಆಗ ಹುಕ್ ಹೊಡೆಯುತ್ತಲೇ ಮುಂದಿನ ಪಾದದ ಮೇಲೆ ತಿರುಗಿ, ಹಿಂದಿನ ಕಾಲನ್ನು ಸುತ್ತಿ ತಂದು, ಅವನ ದಾರಿಯಿಂದ ಪಕ್ಕಕ್ಕೆ ಸರಿಯಬೇಕು. ಇದಕ್ಕೆ ‘ಚೆಕ್ ಹುಕ್’ ಎಂದು ಹೆಸರು. 2007ರ ಡಿಸೆಂಬರಿನಲ್ಲಿ ಫ್ಲಾಯ್ಡ್ ಮೇವೆದರ್ 10ನೆಯ ಸುತ್ತಿನಲ್ಲಿ ನುಗ್ಗಿಬಂದ ರಿಕಿ ಹ್ಯಾಟನ್‌ರನ್ನು ಹೀಗೆ ಹೊಡೆದು ಪಕ್ಕಕ್ಕೆ ಸರಿದಾಗ, ಹ್ಯಾಟನ್ ತಮ್ಮದೇ ವೇಗಕ್ಕೆ ಅಂಕಣದ ಮೂಲೆಯ ಕಂಬಕ್ಕೆ ತಾಗಿ ಬಿದ್ದರು.

ಪಕ್ಕೆಗೆ ಹೊಡೆಯುವ ಹುಕ್ ಕೂಡ ಇದೆ. ಯಕೃತ್ತು, ಅಂದರೆ ಲಿವರ್, ದೇಹದ ಬಲಭಾಗದಲ್ಲಿ ಪಕ್ಕೆಲುಬುಗಳ ಮರೆಯಲ್ಲಿರುವುದರಿಂದ ಎದುರು ನಿಂತವನ ಎಡಗೈ ಹುಕ್ಕಿಗೆ ಅದು ನೇರವಾಗಿ ಸಿಗುತ್ತದೆ. ಇದಕ್ಕೆ ಸೊಂಟ ಬಗ್ಗಿಸದೆ ಮೊಣಕಾಲು ಬಗ್ಗಿಸಿ ಕೆಳಗಿಳಿಯಬೇಕು. ಬೆಲ್ಟಿನ ಕೆಳಗೆ, ಬೆನ್ನಿಗೆ, ಹಿಂದಲೆಗೆ ಹೊಡೆಯುವುದು ನಿಯಮಬಾಹಿರ. ಗ್ಲೌಸಿನ ಒಳಭಾಗದಿಂದ ಹೊಡೆಯುವುದೂ ತಪ್ಪು. ತೋಳು ಬೀಸುವ ಮಕ್ಕಳ ಹುಕ್ ಹಲವು ಸಲ ಕಪಾಳಮೋಕ್ಷವಾಗುವುದು ಹೀಗೆ.

ಇಬ್ಬರ ಎಡಗೈ

ಈ ಹೊಡೆತಕ್ಕೆ ಹೆಸರಾದವರು ಅಮೆರಿಕದ ಜೋ ಫ್ರೇಜಿಯರ್. ದಕ್ಷಿಣ ಕೆರೊಲಿನಾದ ಬಡ ಕೃಷಿ ಕುಟುಂಬದಲ್ಲಿ 1944ರಲ್ಲಿ ಹುಟ್ಟಿದವರು. ಗೋಣಿಚೀಲಕ್ಕೆ ಚಿಂದಿ ಬಟ್ಟೆ, ಜೋಳದ ದಿಂಡು ಮುಂತಾದವನ್ನು ತುಂಬಿ ಮರಕ್ಕೆ ತೂಗುಹಾಕಿ ಅಭ್ಯಾಸ ಮಾಡಿದರು. ಬಾಲ್ಯದಲ್ಲಿ ಹಂದಿಯೊಂದು ಅಟ್ಟಿಸಿಕೊಂಡು ಬಂದಾಗ ಬಿದ್ದು ಎಡಗೈಗೆ ಪೆಟ್ಟಾಯಿತು. ವೈದ್ಯರಿಗೆ ತೋರಿಸುವಷ್ಟು ಹಣ ಮನೆಯಲ್ಲಿರಲಿಲ್ಲ. ಆ ಕೈ ಮುಂದೆಂದೂ ಪೂರ್ತಿ ನೆಟ್ಟಗಾಗಲಿಲ್ಲ. ಬಾಗಿಯೇ ಉಳಿದ ಆ ಕೈ ಹುಕ್ಕಿಗೆ ಒಗ್ಗಿಕೊಂಡಿತು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅವರು, 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಮಹಮ್ಮದ್ ಅಲಿಯವರನ್ನು 15ನೆಯ ಸುತ್ತಿನಲ್ಲಿ ಎಡಗೈ ಹುಕ್ಕಿನಿಂದ ನೆಲಕ್ಕುರುಳಿಸಿದರು. ಅಲಿ ಬಲಗೈ ಹೊಡೆತಕ್ಕೆ ಅಣಿಯಾಗುತ್ತಿದ್ದಾಗ ಅವರ ಬಲಕೆನ್ನೆಯ ಕಾವಲು ತೆರೆದಿತ್ತು. ನಾವು ಮೇಲೆ ಹೇಳಿದ ಮೂರನೆಯ ಬಾಗಿಲು ಅದೇ.

ಇಂಗ್ಲೆಂಡಿನ ಹೆನ್ರಿ ಕೂಪರ್ ಹುಟ್ಟಿನಿಂದ ಎಡಚರು. ಆದರೂ ಎಡಗಾಲನ್ನೇ ಮುಂದಿಟ್ಟು ಆಡಿದ್ದರಿಂದ ಅವರ ಬಲವಾದ ಕೈ ಎದುರಾಳಿಗೆ ಹತ್ತಿರವಿತ್ತು. 1963ರ ಜೂನ್ 18ರಂದು ಅದೇ ಅಲಿಯವರನ್ನು, ಅವರಿನ್ನೂ ಕ್ಯಾಸಿಯಸ್ ಕ್ಲೇ ಆಗಿದ್ದಾಗ, 4ನೆಯ ಸುತ್ತಿನ ಕೊನೆಯಲ್ಲಿ ಎಡಗೈ ಹುಕ್ಕಿನಿಂದ ಬೀಳಿಸಿದರು. ಮುಂದಿನ ಸುತ್ತಿನಲ್ಲಿ ಕಣ್ಣಿನ ಬಳಿಯ ಗಾಯದಿಂದಾಗಿ ಸೋತರು. ಎಡಚ ಮಗುವನ್ನು ಬಲಗೈಗೆ ತಿದ್ದಹೊರಡುವ ಹಿರಿಯರು ಈ ಉದಾಹರಣೆಯನ್ನು ನೆನಪಿಡಬೇಕು.

ಮನೆಯ ಅಭ್ಯಾಸ, ಪೋಷಕರ ಎಚ್ಚರ

ಕಲಿಕೆ ಕನ್ನಡಿಯ ಮುಂದೆ ಆರಂಭವಾಗಲಿ. ಮೊದಲ ಕೆಲವು ವಾರ ಗಾಳಿಯಲ್ಲಿ, ನಿಧಾನವಾಗಿ, ಪಾದದಿಂದ ಭುಜದವರೆಗಿನ ಕ್ರಮವನ್ನು ಎಣಿಸುತ್ತ ಮಾಡಬೇಕು. ಆಮೇಲೆ ಚೀಲ. ಚೀಲಕ್ಕೆ ಮರಳು ತುಂಬುವುದು ಬೇಡ. ಅದು ತಳದಲ್ಲಿ ಕುಸಿದು ಕಲ್ಲಿನಂತಾಗಿ ಮಣಿಕಟ್ಟನ್ನು ನೋಯಿಸುತ್ತದೆ. ರಾಯದುರ್ಗದ ಹೊಲಿಗೆ ಅಂಗಡಿಗಳಲ್ಲಿ ಉಳಿಯುವ ಬಟ್ಟೆ ಚೂರುಗಳನ್ನು ತುಂಬಿದರೆ ಸಾಕು. ಕೈಗೆ ಬಟ್ಟೆಯ ಪಟ್ಟಿ ಸುತ್ತಿ, ಗ್ಲೌಸ್ ಹಾಕದೆ ಚೀಲ ಮುಟ್ಟಬಾರದು.

ಎದುರಾಬದುರಾ ಆಟ ಬೇರೆಯೇ ವಿಷಯ. ಪಕ್ಕದಿಂದ ಬಂದು ತಾಗುವ ಹುಕ್ ತಲೆಯನ್ನು ಥಟ್ಟನೆ ತಿರುಗಿಸುತ್ತದೆ. ಹೀಗೆ ತಿರುಗಿದಾಗಲೇ ಮಿದುಳಿಗೆ ಹೆಚ್ಚಿನ ಅಪಾಯ. ಹೆಡ್‌ಗಾರ್ಡ್ ಚರ್ಮ ಹರಿಯುವುದನ್ನು ತಡೆಯುತ್ತದೆ, ಮಿದುಳು ಅಲುಗುವುದನ್ನು ತಡೆಯದು. ಅಮೆರಿಕ ಮತ್ತು ಕೆನಡಾದ ಮಕ್ಕಳ ವೈದ್ಯರ ಸಂಘಗಳು 2011ರಲ್ಲಿ, ಮಕ್ಕಳಿಗೆ ಬಾಕ್ಸಿಂಗ್ ಬೇಡವೆಂದೇ ಜಂಟಿಯಾಗಿ ಹೇಳಿದವು. ಇದನ್ನು ತಿಳಿದೇ ಪೋಷಕರು ತೀರ್ಮಾನಿಸಬೇಕು. ನಮ್ಮ ಅಭಿಪ್ರಾಯ ಇಷ್ಟು: ಚೀಲ, ಕನ್ನಡಿ, ಪ್ಯಾಡುಗಳ ಅಭ್ಯಾಸ ಎಲ್ಲ ಮಕ್ಕಳಿಗೂ ಒಳ್ಳೆಯ ವ್ಯಾಯಾಮ, ತಲೆಗೆ ಹೊಡೆಯುವ ಆಟ ಅರ್ಹ ತರಬೇತುದಾರರಿಲ್ಲದೆ ಕೂಡದು. ಪೆಟ್ಟಿನ ನಂತರ ತಲೆಸುತ್ತು, ವಾಂತಿ, ಮಂಕು, ಮರೆವು ಕಂಡರೆ ಆಟ ಅಲ್ಲಿಗೇ ನಿಲ್ಲಬೇಕು. ಮಗುವನ್ನು ಅಂದೇ ವೈದ್ಯರಿಗೆ ತೋರಿಸಬೇಕು, ಅವರು ಒಪ್ಪುವವರೆಗೆ ಮತ್ತೆ ಅಂಕಣಕ್ಕೆ ಕಳುಹಿಸಬಾರದು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಆ ಆಶಯ ಕಪ್ಪುಹಲಗೆಯ ಮುಂದೆಯೇ ಮುಗಿಯಬೇಕಾಗಿಲ್ಲ. ತರಬೇತುದಾರರು ತೆಲುಗಿನವರಾದರೆ ಅವರ ಮೇಲೆ ದೂರಿಲ್ಲ. ಅವರು ಹೇಳಿದ್ದನ್ನು ಮಗು ಮನೆಗೆ ಬಂದು ಕನ್ನಡದಲ್ಲಿ ಹೇಳಬಲ್ಲದೇ ಎಂದು ಕೇಳಿನೋಡುವುದು ನಮ್ಮ ಕೆಲಸ. ಯಾವ ಕಾಲಿನ ಮೇಲೆ ಭಾರ? ಮೊದಲು ತಿರುಗುವುದು ಯಾವುದು? ಇನ್ನೊಂದು ಕೈ ಎಲ್ಲಿರಬೇಕು? ಈ ಮೂರಕ್ಕೆ ಮಗು ಉತ್ತರಿಸಿದರೆ ಪಾಠ ತಲುಪಿದೆ. ತಡವರಿಸಿದರೆ ಮರುದಿನ ಮೈದಾನಕ್ಕೆ ಹೋಗಿ, ತರಬೇತುದಾರರಿಂದ ಮತ್ತೊಮ್ಮೆ ಹೇಳಿಸಿ, ತಿಳಿದವರಿಂದ ಕನ್ನಡದಲ್ಲಿ ವಿವರಿಸಿಕೊಡಿ. ಅಲ್ಲಿಯವರೆಗೆ ಮಗು ಚೀಲಕ್ಕಷ್ಟೇ ಹೊಡೆಯಲಿ.