ಮನುಷ್ಯನು ನೇಯುವ ಜೇಡರ ಬಲೆ

1931ರಲ್ಲಿ ಅಮೆರಿಕದ ಯೂನಿವರ್ಸಲ್ ಸಂಸ್ಥೆಯವರು ತೆರೆಗೆ ತಂದ ‘ಡ್ರಾಕುಲ’ ಚಿತ್ರವನ್ನು ಕಂಡವರಿಗೆ, ಪಾಳುಬಿದ್ದ ಕೋಟೆಯ ಸೋಪಾನಪಂಕ್ತಿಗೆ ಅಡ್ಡಲಾಗಿ ಹರಡಿದ್ದ ಮಹಾಜಾಲವೊಂದು ಮರೆತುಹೋಗಿರಲಾರದು. ಬೇಲಾ ಲುಗೋಸಿಯು ಅಭಿನಯಿಸಿದ ಕೋಟೆಯ ಒಡೆಯನು ಆ ಬಲೆಯ ಒಂದೆಳೆಯನ್ನೂ ಹರಿಯದೆ ಅದರಾಚೆಗೆ ಹೋಗಿ ನಿಂತಿರುತ್ತಾನೆ; ಅವನನ್ನು ಹಿಂಬಾಲಿಸಿದ ಅತಿಥಿಯಾದರೋ ಕೈಗೋಲಿನಿಂದ ಅದನ್ನು ಸೀಳಿಕೊಂಡು ದಾರಿಮಾಡಿಕೊಳ್ಳಬೇಕಾಗುತ್ತದೆ. ಆ ಒಡೆಯನು ನಮ್ಮನಿಮ್ಮಂತಹ ಮನುಷ್ಯನಲ್ಲವೆಂಬುದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವುದು ಆ ಬಲೆಯೇ. ಇಷ್ಟು ದೊಡ್ಡ ಸಾಕ್ಷ್ಯವನ್ನು ನುಡಿಯಬೇಕಾದ ಬಲೆಯನ್ನು ನೇಯುವ ಕೆಲಸವನ್ನು ಜೇಡಗಳಿಗೆ ಒಪ್ಪಿಸಿ, ಅವು ಮುಗಿಸುವ ತನಕ ಕಾದು ಕುಳಿತಿರಲು ಯಾವ ಚಿತ್ರಶಾಲೆಗೂ ವ್ಯವಧಾನವಿರದಾದುದರಿಂದ, ಬಲೆಯನ್ನು ಕೃತಕವಾಗಿ ನಿರ್ಮಿಸುವ ಒಂದು ಕಲೆಯೇ ಅಲ್ಲಿ ಬೆಳೆಯಿತು.

ಈ ಕಲೆ ಈಗ ಚಿತ್ರಶಾಲೆಯನ್ನು ದಾಟಿ ಗೃಹಸ್ಥರ ಅಂಗಳಕ್ಕೆ ಬಂದಿದೆ. ಕ್ರೈಸ್ತರು ನವೆಂಬರ್ 1ರಂದು ಆಚರಿಸುವ ಸಕಲ ಸಂತರ ಹಬ್ಬದ ಹಿಂದಿನ ರಾತ್ರಿಯೇ ಹ್ಯಾಲೋವೀನ್; ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆಹೋದ ಜನರೊಡನೆ ಅದು ಅಮೆರಿಕವನ್ನು ಸೇರಿ, ಅಲ್ಲಿ ಕೊರೆದ ಕುಂಬಳಕಾಯಿಯ ದೀಪ, ಅಸ್ಥಿಪಂಜರ, ಜೇಡರ ಬಲೆಗಳ ಉತ್ಸವವಾಗಿ ಬೆಳೆಯಿತು. ನಮ್ಮಲ್ಲಿ ನವರಾತ್ರಿ ಸಮೀಪಿಸಿತೆಂದರೆ ಉದ್ದನೆಯ ಗಳುವಿಗೆ ಪೊರಕೆ ಕಟ್ಟಿ ಮೂಲೆಮೂಲೆಯ ಬಲೆಯನ್ನು ಹೊಡೆದು ಇಲ್ಲಣವನ್ನು ಕೊಡಹುತ್ತೇವಷ್ಟೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಅಲ್ಲಿನವರು ದುಡ್ಡು ತೆತ್ತು ಬಲೆಯನ್ನು ತಂದು ತಲೆಬಾಗಿಲಿಗೆ ಕಟ್ಟುತ್ತಾರೆ. ಅವರಿಗೆ ಬೇಕಾದುದು ಕೊಳೆಯಲ್ಲ, ಕಾಲ. ಬಹುಕಾಲದಿಂದ ಯಾರೂ ಕಾಲಿಡದ ಮನೆಯೆಂಬ ಭ್ರಾಂತಿಯನ್ನು ಒಂದು ಸಂಜೆಯ ಮಟ್ಟಿಗೆ ಅವರು ಹುಟ್ಟಿಸಬೇಕಾಗಿದೆ. ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯಲ್ಲಿ ಮದುವೆ ಮುರಿದ ಮಿಸ್ ಹ್ಯಾವಿಶಾಮಳ ಗಡಿಯಾರಗಳೆಲ್ಲ ನಿಂತುಹೋಗಿರುತ್ತವೆ, ಅವಳ ಮದುವೆಯ ಕೇಕಿನ ಮೇಲೆ ಮಾತ್ರ ಜೇಡಗಳು ಕಟ್ಟುತ್ತಲೇ ಇರುತ್ತವೆ. ಬಲೆಯೆಂಬುದು ನಡೆಯುತ್ತಿರುವ ಗಡಿಯಾರವೆಂಬುದನ್ನು ಅವನು ಚೆನ್ನಾಗಿ ಅರಿತಿದ್ದನು.

ಅನುಕರಣಕ್ಕೆ ಹೊರಡುವವನು ಮೊದಲು ತಿಳಿಯಬೇಕಾದುದು ಬಲೆಗಳಲ್ಲಿ ಜಾತಿಭೇದವುಂಟೆಂಬುದನ್ನು. ತೋಟದ ಗಿಡಗಳ ನಡುವೆ ಚಕ್ರಾಕಾರವಾಗಿ ತೋರುವ ಬಲೆ ಸದಾ ಹೊಸದು. ಅದನ್ನು ಕಟ್ಟುವ ಜೇಡವು ಮೊದಲು ಒಂದೆಳೆಯನ್ನು ಗಾಳಿಗೆ ತೇಲಬಿಟ್ಟು, ಅದು ಆಚೆಯ ಕೊಂಬೆಗೆ ತಗುಲಿದಮೇಲೆ ಸೇತುವೆಯನ್ನಾಗಿ ಮಾಡಿಕೊಂಡು, ಚೌಕಟ್ಟನ್ನೂ ನಡುವಿನಿಂದ ಹೊರಟ ಅರೆಕಾಲುಗಳನ್ನೂ ಎಳೆದು, ಒಳಗಿನಿಂದ ಹೊರಕ್ಕೆ ಅಂಟಿಲ್ಲದ ತಾತ್ಕಾಲಿಕ ಸುರುಳಿಯೊಂದನ್ನು ಹಾಕಿ, ಅನಂತರ ಹೊರಗಿನಿಂದ ಒಳಕ್ಕೆ ಅಂಟುಳ್ಳ ಸುರುಳಿಯನ್ನು ಇಡುತ್ತ ಮೊದಲನೆಯದನ್ನು ಕಿತ್ತುಹಾಕುತ್ತ ಬರುತ್ತದೆ. ಹಳತಾದ ಬಲೆಯನ್ನು ಅದು ತಾನೇ ತಿಂದು ಮತ್ತೆ ಹೊಸದನ್ನು ಕಟ್ಟುವುದುಂಟು. ಸೃಷ್ಟಿ ಮತ್ತು ಲಯಗಳಿಗೆ ಮುಂಡಕೋಪನಿಷತ್ತಿನ ಋಷಿಯು ಊರ್ಣನಾಭಿಯ, ಎಂದರೆ ಜೇಡದ, ದೃಷ್ಟಾಂತವನ್ನು ಕೊಟ್ಟಾಗ ಅವನ ಕಣ್ಣು ಸೂಕ್ಷ್ಮವಾಗಿದ್ದಿತೆಂದೇ ಹೇಳಬೇಕು. ಮನೆಯ ಮೂಲೆಯಲ್ಲಿ ಗೊತ್ತುಗುರಿಯಿಲ್ಲದೆ ಹೆಣೆದುಕೊಂಡಿರುವ ಬಲೆಯ ಕಥೆ ಬೇರೆ. ಅದನ್ನು ಕಟ್ಟಿದ ಜೇಡ ಬಿಟ್ಟುಹೋದಮೇಲೂ ಅದು ಧೂಳನ್ನು ಹಿಡಿಯುತ್ತ, ಜೋಲುತ್ತ, ಕಪ್ಪಾಗುತ್ತ ಉಳಿಯುತ್ತದೆ. ಪಾಳುಮನೆಯ ಭಾವಕ್ಕೆ ಬೇಕಾದುದು ಇದು. ಅಚ್ಚುಕಟ್ಟಾದ ಚಕ್ರವನ್ನು ಕಟ್ಟಿ ಅದರ ಮೇಲೆ ಧೂಳೆರಚುವವರು ಎರಡು ಬಲೆಗಳನ್ನೂ ಕೆಡಿಸುತ್ತಾರೆ.

ಹಾಲಿವುಡ್ಡಿನ ಕುಶಲಿಗಳ ಯಂತ್ರ ಸರಳವಾದುದು. ದ್ರಾವಕದಲ್ಲಿ ಕರಗಿಸಿದ ರಬ್ಬರಿನ ಅಂಟನ್ನು ಒಂದು ಪುಟ್ಟ ಬಟ್ಟಲಿನಲ್ಲಿ ತುಂಬಿ, ಅದನ್ನು ವಿದ್ಯುತ್ ಬೀಸಣಿಗೆಯ ಮುಂದೆ ರಭಸದಿಂದ ತಿರುಗಿಸಿದರೆ, ಬಟ್ಟಲಿನ ಕಿರಿಯ ಸೀಳುಗಳಿಂದ ಅಂಟು ಹೊರಚಿಮ್ಮುತ್ತದೆ. ಬೀಸಣಿಗೆಯ ಗಾಳಿಯಲ್ಲಿ ದ್ರಾವಕವು ಆರಿಹೋಗಿ, ಉಳಿದ ರಬ್ಬರು ಎಳೆಯೆಳೆಯಾಗಿ ತೇಲಿ, ಸಿಕ್ಕ ಕಂಬಕ್ಕೋ ಕುರ್ಚಿಗೋ ಜೋತುಬೀಳುತ್ತದೆ. ಎಳೆಗಳು ಕ್ಯಾಮರದ ಕಣ್ಣಿಗೆ ಬೀಳಲೆಂದು ನುಣುಪಾದ ಜೇಡಿಮಣ್ಣಿನ ಪುಡಿಯನ್ನು ಊದುವರು. ಈಚೆಗೆ ಬಂದಿರುವ ಇನ್ನೊಂದು ಉಪಕರಣದಲ್ಲಿ, ಕಾಯಿಸಿ ಕರಗಿಸಿದ ಅಂಟುಕಡ್ಡಿಯನ್ನು ಒತ್ತಡದ ಗಾಳಿ ನೂಲಾಗಿ ಊದುತ್ತದೆ. ಮುಖಗವಸುಗಳ ಶೋಧಕ ಪದರವನ್ನು ಕಾರ್ಖಾನೆಯಲ್ಲಿ ತಯಾರಿಸುವುದೂ ಇದೇ ತತ್ತ್ವದಿಂದ.

ಈ ಯಂತ್ರಗಳೆಲ್ಲ ನೂಲನ್ನು ಹೊರಕ್ಕೆ ತಳ್ಳುತ್ತವೆ. ಜೇಡವಾದರೋ, ಒಂದೆರಡು ಅಪವಾದದ ಜಾತಿಗಳನ್ನು ಬಿಟ್ಟರೆ, ನೂಲನ್ನು ಚಿಮ್ಮಿಸಲಾರದು. ಕಾಲಿನಿಂದಲೋ ತನ್ನ ಮೈಭಾರದಿಂದಲೋ ಗಾಳಿಯ ಸೆಳೆತದಿಂದಲೋ ಅದು ಎಳೆಯಲ್ಪಡಬೇಕು, ಎಳೆಯಲ್ಪಟ್ಟಂತೆಯೇ ಅದರೊಳಗಿನ ದ್ರವರೂಪದ ಪ್ರೋಟೀನು ಗಟ್ಟಿಯಾದ ರೇಷ್ಮೆಯಾಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಪೊಟ್ಟಣಕಟ್ಟಿ ಮಾರುವ, ದಿಂಬಿಗೆ ತುಂಬುವಂತಹ ಪಾಲಿಯೆಸ್ಟರ್ ನಾರನ್ನು ಕೈಯಿಂದಲೇ ಎಳೆದು ಹರಡುವ ಅಗ್ಗದ ವಿಧಾನವು, ಪಂಡಿತರು ಏನೇ ಅನ್ನಲಿ, ಜೇಡದ ರೀತಿಗೆ ಹೆಚ್ಚು ಹತ್ತಿರವಾದುದೆಂದು ನನ್ನ ಅಭಿಪ್ರಾಯ. ಅದು ಕೆಟ್ಟದಾಗಿ ತೋರುವುದು ಎಳೆಯುವವರ ಆತುರದಿಂದ. ಇಡೀ ಪೊಟ್ಟಣವನ್ನು ಒಮ್ಮೆಗೆ ಪೊದೆಯ ಮೇಲೆ ಹೊದಿಸಿದರೆ ಹತ್ತಿಯ ಗಂಟು ಕಾಣುತ್ತದೆಯೇ ಹೊರತು ಬಲೆಯಲ್ಲ. ಚಿಟಿಕೆಯಷ್ಟು ನಾರನ್ನು ಹಿಡಿದು, ಒಂದು ಕೊನೆಯನ್ನು ಒರಟಾದ ಮೂಲೆಗೆ ಸಿಕ್ಕಿಸಿ, ಹಿಂದಿನ ಗೋಡೆಯ ಬಣ್ಣ ಸ್ಪಷ್ಟವಾಗಿ ಕಾಣುವವರೆಗೆ ಎಳೆಯುತ್ತ ಹೋಗಿ, ಉಳಿದ ಗಂಟುಗಳನ್ನು ಕತ್ತರಿಸಿ ಬಿಸುಡಬೇಕು. ಜನ ಓಡಾಡುವ ಎಡೆಯಲ್ಲಿ ಬಲೆ ಉಳಿಯದಷ್ಟೆ. ಆದುದರಿಂದ ದಾರಿಯ ನಡುವೆ ಕಟ್ಟದೆ, ಕೈಗೆಟುಕದ ಮೂಲೆ, ತೊಲೆಯ ಸಂದು, ದೀಪದ ಬುಡಗಳನ್ನು ಆರಿಸಿಕೊಳ್ಳುವುದು ಮೇಲು.

ಜೋಲುವ ಪೊರೆಗಳು ಬೇಕಾದವರು ಜಾಳು ನೇಯ್ಗೆಯ ಹತ್ತಿಬಟ್ಟೆಯನ್ನು ಹರಿದು ಚಹದ ಕಷಾಯದಲ್ಲಿ ಅದ್ದಿ ಒಣಗಿಸುತ್ತಾರೆ. ದೊಡ್ಡ ಮನೆಗಳನ್ನು ಅಲಂಕರಿಸುವ ಅಮೆರಿಕದ ಉತ್ಸಾಹಿಗಳು ಮೆಚ್ಚುವುದು ಕಸಾಯಿಖಾನೆಗಳಲ್ಲಿ ಮಾಂಸಕ್ಕೆ ತೊಡಿಸುವ ಹೆಣೆದ ಹತ್ತಿಯ ಕೊಳವೆಬಲೆಯನ್ನು. ಅದನ್ನು ಉದ್ದಕ್ಕೆ ಸೀಳಿ, ಅಲ್ಲಲ್ಲಿ ಮನಬಂದಂತೆ ಕತ್ತರಿಯಾಡಿಸಿ ಬಿಗಿಯಾಗಿ ಎಳೆದರೆ ಕಂಡಿಗಳು ಹಿರಿದುಕಿರಿದಾಗಿ ಬಿಚ್ಚಿಕೊಳ್ಳುತ್ತವೆ.

ಚಕ್ರದ ಬಲೆಯೇ ಬೇಕೆನ್ನುವವರು ದಾರದಿಂದ ಕಟ್ಟುವಾಗ ಎರಡು ಸಂಗತಿಗಳನ್ನು ಗಮನಿಸಲಿ. ಲಂಬವಾಗಿ ನಿಲ್ಲುವ ಬಲೆಯ ಕೇಂದ್ರವು ಬಹುಮಟ್ಟಿಗೆ ನಡುವಿಗಿಂತ ಮೇಲೆ ಇರುತ್ತದೆ; ತಲೆಕೆಳಗಾಗಿ ಕುಳಿತ ಜೇಡವು ಕೆಳಕ್ಕೆ ಹೆಚ್ಚು ಬೇಗ ಓಡಬಲ್ಲುದಾದುದರಿಂದ ಕೆಳಭಾಗವೇ ವಿಸ್ತಾರವಾಗಿರುತ್ತದೆ. ಇನ್ನು ಚಿತ್ರಗಾರರು ಬರೆಯುವಂತೆ ಸುರುಳಿಯ ಪ್ರತಿಯೊಂದು ತುಂಡೂ ಕೇಂದ್ರದ ಕಡೆಗೆ ಬಾಗಿರುವುದಿಲ್ಲ. ಬಿಗಿಯಾದ ಬಲೆಯಲ್ಲಿ ಅವು ಹೆಚ್ಚುಕಡಿಮೆ ನೇರವಾಗಿಯೇ ಇದ್ದು, ಇಬ್ಬನಿ ಕುಳಿತಾಗ ಭಾರಕ್ಕೆ ಭೂಮಿಯ ಕಡೆಗೆ ಜೋಲುತ್ತವೆ. ಯಾವ ಬಲೆಯಾದರೂ ಪಕ್ಕದಿಂದ ಬೀಳುವ ಬೆಳಕಿನಲ್ಲಿ, ಕಪ್ಪಾದ ಹಿನ್ನೆಲೆಯಲ್ಲಿ ಚೆನ್ನಾಗಿ ತೋರುತ್ತದೆ. ಎದುರಿನ ಬೆಳಕು ಅದನ್ನು ಕೊಲ್ಲುತ್ತದೆ.

ಪಾಲಿಯೆಸ್ಟರ್ ಎಳೆಗಳನ್ನು ಹೊರಗಿನ ಗಿಡಮರಗಳಿಗೆ ಹಬ್ಬಿಸುವುದು ಮಾತ್ರ ಸಲ್ಲದು. ಜೇಡದ ಎಳೆಯನ್ನು ಹರಿದುಕೊಂಡು ಹೋಗಬಲ್ಲ ಸಣ್ಣ ಹಕ್ಕಿ, ಬಾವಲಿಗಳು ಈ ನಾರಿನಲ್ಲಿ ಸಿಕ್ಕಿಬಿದ್ದು ಸಾಯುವುದುಂಟು. ವನ್ಯಜೀವಿಗಳ ಆರೈಕೆ ಮಾಡುವವರು ಆ ಋತುವಿನಲ್ಲಿ ಇದನ್ನೇ ಎಚ್ಚರಿಸುತ್ತಾರೆ. ಕುಂಬಳದೊಳಗಿನ ಮೇಣದಬತ್ತಿಯ ಸಮೀಪಕ್ಕೂ ಈ ನಾರು ಬರಕೂಡದು, ಕಿಡಿ ತಗುಲಿದರೆ ಅದು ಕರಗಿ ಉರಿಯುತ್ತದೆ. ರಬ್ಬರಿನ ಅಂಟಿನ ದ್ರಾವಕವೂ ಬೆಂಕಿಗೆ ಅತಿ ಬೇಗನೆ ಬಲಿಯಾಗುವಂತಹುದು. ಬಯಲಿನಲ್ಲಿ ಕಟ್ಟಲೇಬೇಕೆಂಬ ಹಠವಿದ್ದರೆ, ಹಕ್ಕಿಯ ಕಣ್ಣಿಗೂ ಬೀಳುವಷ್ಟು ದಪ್ಪನೆಯ ಹಗ್ಗದಿಂದ ಅಗಲವಾದ ಕಂಡಿಗಳನ್ನು ಬಿಟ್ಟು ಹೆಣೆದ ಬಲೆ ಸಾಕು. ಹಬ್ಬ ಮುಗಿದ ಮರುದಿನವೇ ಬಿಚ್ಚಿ ಸುತ್ತಿಟ್ಟರೆ ಅದು ಮುಂದಿನ ವರ್ಷಕ್ಕೂ ಒದಗುತ್ತದೆ.