ಬ್ಯಾಟರಿ ಇದೆ, ಲ್ಯಾಪ್‌ಟಾಪಿಗೇ ಕಾಣುತ್ತಿಲ್ಲ!

ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿಕೊಂಡಿದ್ದೀರಿ. ಎಲ್ಲಾ ಸರಿ, ಮೂಲೆಯಲ್ಲಿರಬೇಕಾದ ಬ್ಯಾಟರಿ ಚಿಹ್ನೆ ಮಾತ್ರ ನಾಪತ್ತೆ! ಚಾರ್ಜ್ ಎಷ್ಟಿದೆ ಅಂತ ಗೊತ್ತಾಗದೆ, ಅರ್ಧ ಟೈಪ್ ಮಾಡಿದ ಪತ್ರದ ಸಮೇತ ಯಂತ್ರ ದಿಢೀರನೆ ಆರಿಹೋಗುತ್ತದೆ. ಹೊಸ ಬ್ಯಾಟರಿಗೆಂದು ಲ್ಯಾಮಿಂಗ್ಟನ್ ರೋಡಿಗೋ, ರಿಚಿ ಸ್ಟ್ರೀಟಿಗೋ, ನೆಹರೂ ಪ್ಲೇಸಿಗೋ ಓಡುವ ಮುನ್ನ ಸ್ವಲ್ಪ ತಾಳಿ. ಬ್ಯಾಟರಿ ಚೆನ್ನಾಗಿದ್ದರೂ ಹೀಗಾಗುವುದುಂಟು.

ಬ್ಯಾಟರಿ, ಫ್ಯಾನು, ಮುಚ್ಚಳ ಮುಚ್ಚಿದಾಗಿನ ನಿದ್ದೆ, ಇವೆಲ್ಲದರ ವಿವರವನ್ನು ಯಂತ್ರದ ಬಯಾಸ್ ಕೆಲವು ಪಟ್ಟಿಗಳಲ್ಲಿ ಇಟ್ಟಿರುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್, ಯಂತ್ರ ಶುರುವಾಗುವಾಗ ಅವನ್ನು ಓದಿಕೊಳ್ಳುತ್ತದೆ. ಈ ಏರ್ಪಾಡಿನ ಹೆಸರು ಎಸಿಪಿಐ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೊಷಿಬಾ ಸೇರಿ ರೂಪಿಸಿದ್ದು. ಅದಕ್ಕೂ ಮೊದಲು, 1992ರಿಂದ, ಎಪಿಎಂ ಇತ್ತು; ಅದರಲ್ಲಿ ಯಜಮಾನಿಕೆ ಬಹುಪಾಲು ಬಯಾಸಿನದೇ. ಎಸಿಪಿಐ ಬಂದ ಮೇಲೆ ಅದು ಕರ್ನೆಲ್ಲಿನ ಪಾಲಾಯಿತು. ಬೀಗದ ಕೈಗೊಂಚಲು ಅತ್ತೆಯಿಂದ ಸೊಸೆಗೆ ಬಂದ ಹಾಗೆ ಅನ್ನಿ!

ಪಟ್ಟಿಯಲ್ಲೇ ತಪ್ಪಿದ್ದರೆ ಕರ್ನೆಲ್ ಏಳುವಾಗಲೇ ಮುಗ್ಗರಿಸಬಹುದು. ಆಗ ಯಾರೋ ಪುಣ್ಯಾತ್ಮರು, 'ಬೂಟ್ ಸಾಲಿಗೆ ಎಸಿಪಿಐ=ಆಫ್ ಅಂತ ಸೇರಿಸಿಬಿಡಿ' ಅನ್ನುತ್ತಾರೆ. ಸೇರಿಸಿದರೆ ಯಂತ್ರವೇನೋ ಏಳುತ್ತದೆ. ಆದರೆ ಪಟ್ಟಿಯನ್ನೇ ಓದದ ಕರ್ನೆಲ್ಲಿಗೆ ಬ್ಯಾಟರಿ ಹೇಗೆ ಕಾಣಬೇಕು? ಕೆಲವು ಯಂತ್ರಗಳಲ್ಲಂತೂ ಪ್ರೊಸೆಸರಿನ ಒಂದೇ ಕೋರ್ ದುಡಿಯುತ್ತದೆ, ಉಳಿದವು ಸುಮ್ಮನಿರುತ್ತವೆ. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ, ಹಿಂದಿನವರು ಹೀಗೆ ಮಾಡಿಟ್ಟದ್ದು ಗೊತ್ತೇ ಇರುವುದಿಲ್ಲ.

ನೋಡುವುದು ಸುಲಭ. 'ಪ್ರೊಕ್' ಫೋಲ್ಡರಿನಲ್ಲಿರುವ 'ಸಿಎಮ್‌ಡಿಲೈನ್' ಕಡತ ತೆರೆದರೆ ಬೂಟ್ ಸಾಲು ಪೂರ್ತಿ ಕಾಣುತ್ತದೆ. ಅಲ್ಲಿ ಆ ಮಾತಿದ್ದರೆ, ಮತ್ತೆ ಶುರು ಮಾಡುವಾಗ ಗ್ರಬ್ ಮೆನುವಿನಲ್ಲಿ 'ಇ' ಕೀಲಿ ಒತ್ತಿ ಅಳಿಸಿ ನೋಡಿ. ಈ ಬದಲಾವಣೆ ಅದೊಂದು ಸಲಕ್ಕೆ ಮಾತ್ರ, ಹೆದರಬೇಡಿ. ಯಂತ್ರ ಸರಿಯಾಗಿ ಎದ್ದು ಬ್ಯಾಟರಿ ಕಂಡರೆ ಗ್ರಬ್‌ನ ಕಡತದಲ್ಲೂ ಅಳಿಸಿ, 'ಅಪ್‌ಡೇಟ್-ಗ್ರಬ್' ಓಡಿಸಿ. ಉಬುಂಟು, ಡೆಬಿಯನ್ ಎರಡರಲ್ಲೂ ಇದೇ ದಾರಿ.

ಬೂಟ್ ಸಾಲಿನಲ್ಲಿ ಅದಿಲ್ಲವೇ? ಹೊಸ ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಯಂತ್ರ ಶುರು ಮಾಡಿ. ಅದರಲ್ಲಿ ಚಿಹ್ನೆ ಬಂದರೆ ದೋಷ ನಿಮ್ಮ ಹಳೆಯ ಕರ್ನೆಲ್ಲಿನದೋ ಅದರ ಹೊಂದಾಣಿಕೆಯದೋ ಇರಬೇಕು. ಅದರಲ್ಲೂ ಬಾರದಿದ್ದರೆ ತಯಾರಕರು ಬಯಾಸಿಗೆ ಹೊಸ ಆವೃತ್ತಿ ಕೊಟ್ಟಿದ್ದಾರೆಯೇ ವಿಚಾರಿಸಿ. ಅದನ್ನು ಹಾಕುವಾಗ ಮಾತ್ರ ಚಾರ್ಜರ್ ಸಿಕ್ಕಿಸಿಯೇ ಇರಲಿ, ನಡುವೆ ಕರೆಂಟ್ ಹೋದರೆ ಯಂತ್ರ ಏಳದೇ ಹೋದೀತು.

ಬ್ಯಾಟರಿ ಕಂಡ ಮೇಲೂ ಬೇಗ ಬರಿದಾಗುತ್ತಿದೆಯೇ? ಅದು ತಯಾರಾದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ, ಎರಡನ್ನೂ ಕರ್ನೆಲ್ಲೇ ತೋರಿಸುತ್ತದೆ. ಈಗಿನ ಲೆಕ್ಕ ಅರ್ಧಕ್ಕಿಳಿದಿದ್ದರೆ ಧಾರಾಳವಾಗಿ ಅಂಗಡಿಗೆ ಹೊರಡಿ.